ಬಡ್ಡಿಗೆ ಮಿತಿ ಇರುವ ರಾಜ್ಯದಲ್ಲೂ 400% ಬಡ್ಡಿ ಹೇಗೆ?

ಪ್ರಶ್ನೆ: ನನ್ನ ಅಣ್ಣನ ಮಗ ಅಮೆರಿಕದ ಡಲ್ಲಾಸ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿ ‘ಪೇಡೇ ಲೋನ್’ ಅಂತ ಬೋರ್ಡು ಹಾಕಿದ ಅಂಗಡಿಗಳು ಬೇಕಾದಷ್ಟು ಇವೆಯಂತೆ. ರಾಜ್ಯದ ಕಾನೂನಿನಲ್ಲಿ ಬಡ್ಡಿಗೆ ಮಿತಿ ಇದೆ ಅಂತಲೂ ಹೇಳುತ್ತಾನೆ. ಹಾಗಿದ್ದರೆ ಅವರು 400%, 500% ವಸೂಲಿ ಮಾಡೋದು ಹೇಗೆ? ಇದು ಕಳ್ಳ ವ್ಯವಹಾರವಾ?

ಉತ್ತರ: ಬಹುಪಾಲು ಕಳ್ಳ ವ್ಯವಹಾರ ಅಲ್ಲ. ಲೈಸೆನ್ಸ್ ಗೋಡೆಗೆ ತೂಗುಹಾಕಿಕೊಂಡೇ ನಡೆಯುವ ವ್ಯಾಪಾರ. ನನಗೆ ಸಂಕಟ ಆಗೋದೇ ಅದಕ್ಕೆ.

ಮೊದಲು ಲೆಕ್ಕ ನೋಡೋಣ. ಮುಂದಿನ ಸಂಬಳದ ದಿನ ತೀರಿಸುವ ಸಣ್ಣ ಸಾಲವೇ ಪೇಡೇ ಲೋನ್. ಸಾಮಾನ್ಯವಾಗಿ 500 ಡಾಲರ್ ಒಳಗೆ, ಎರಡು ವಾರಕ್ಕೆ. ಮುಂದಿನ ತಾರೀಕು ಹಾಕಿ ಚೆಕ್ ಬರೆದುಕೊಡಬೇಕು, ಇಲ್ಲವೇ ಬ್ಯಾಂಕ್ ಖಾತೆಯಿಂದ ಅವರೇ ದುಡ್ಡು ಎಳೆದುಕೊಳ್ಳಲು ಒಪ್ಪಿಗೆ ಕೊಡಬೇಕು. 100 ಡಾಲರಿಗೆ 15 ಡಾಲರ್ ಫೀ ಅನ್ನೋದು ಮಾಮೂಲಿ ದರ. ಹದಿನೈದೇ ಅಲ್ವಾ ಅನಿಸುತ್ತದೆ. ಆದರೆ ಅದು ಎರಡೇ ವಾರಕ್ಕೆ. ವರ್ಷದ ಲೆಕ್ಕಕ್ಕೆ 391%. ನಮ್ಮೂರಿನ ಲೆಕ್ಕದಲ್ಲಿ ಹೇಳಬೇಕೆಂದರೆ ನೂರಕ್ಕೆ ತಿಂಗಳಿಗೆ 32 ರೂಪಾಯಿ ಬಡ್ಡಿ. ನಮ್ಮಲ್ಲಿ ನೂರಕ್ಕೆ ಹತ್ತು ಅಂದರೇ ಮೀಟರ್ ಬಡ್ಡಿ ಅಂತ ಜನ ಹೆದರುತ್ತಾರೆ.

ಎರಡು ವಾರದಲ್ಲಿ ಅಸಲು ಪೂರ್ತಿ ಕಟ್ಟೋದು ಸುಮ್ನೆ ಮಾತಲ್ಲ. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಸಿಎಫ್‌ಪಿಬಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದರಲ್ಲಿ ನಾಲ್ಕು ಸಾಲಗಳನ್ನು 14 ದಿನದೊಳಗೆ ಮುಂದಕ್ಕೆ ಹಾಕಲಾಗಿತ್ತು, ಇಲ್ಲವೇ ಅದರ ಬೆನ್ನಿಗೇ ಇನ್ನೊಂದು ಸಾಲ ಬಂದಿತ್ತು. ಇಷ್ಟು ಗೊತ್ತಿದ್ದರೂ ಈ ಸಂಸ್ಥೆ ಬಡ್ಡಿಗೆ ಮಿತಿ ಹಾಕುವಂತಿಲ್ಲ. ಅದನ್ನು ಹುಟ್ಟುಹಾಕಿದ 2010ರ ಡಾಡ್-ಫ್ರಾಂಕ್ ಕಾನೂನೇ ಆ ಅಧಿಕಾರ ಕೊಟ್ಟಿಲ್ಲ. ಹಾಗಾಗಿ ಭಾರವೆಲ್ಲ ರಾಜ್ಯಗಳ ಮೇಲೆ. ನ್ಯೂಯಾರ್ಕ್‌ನಲ್ಲಿ ಬಡ್ಡಿ 25% ದಾಟಿದರೆ ಕ್ರಿಮಿನಲ್ ಅಪರಾಧ. ಇಲಿನಾಯ್ 2021ರಲ್ಲಿ 36% ಮಿತಿ ಹಾಕಿತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಆಟ ಶುರುವಾಗೋದು ಇಲ್ಲಿಂದ.

ಓಹಿಯೋ ರಾಜ್ಯದ ಕಥೆ ಹೇಳುತ್ತೇನೆ, ಇಡೀ ವ್ಯವಹಾರ ಅರ್ಥವಾಗುತ್ತದೆ. 2008ರಲ್ಲಿ ಅಲ್ಲಿನ ಶಾಸನಸಭೆ ಪೇಡೇ ಸಾಲಕ್ಕೆಂದೇ ಹೊಸ ಕಾನೂನು ಮಾಡಿತು. ಬಡ್ಡಿ 28% ಮೀರಬಾರದು. ಸಾಲದ ಕಂಪನಿಗಳು ಬಿಡಲಿಲ್ಲ, ವಿಷಯವನ್ನು ಜನಮತಕ್ಕೆ ಒಯ್ದವು. ಆ ನವೆಂಬರಿನಲ್ಲಿ ಸುಮಾರು 64% ಮತದಾರರು ಮಿತಿಯೇ ಇರಲಿ ಅಂದರು. ಶಾಸಕರೂ ಹೇಳಿಯಾಯಿತು, ಜನರೂ ಹೇಳಿಯಾಯಿತು. ಇನ್ನೇನು ಬೇಕು?

ಆದರೆ ಅಂಗಡಿಗಳು ಮುಚ್ಚಲಿಲ್ಲ. ಬಡ್ಡಿಯೂ ಇಳಿಯಲಿಲ್ಲ. ಹೊಸ ಕಾನೂನಿನ ಲೈಸೆನ್ಸನ್ನು ಯಾರೂ ತೆಗೆದುಕೊಳ್ಳಲೇ ಇಲ್ಲ, ಅಷ್ಟೇ. ಅದರ ಬದಲು ಓಹಿಯೋದ ಅಡಮಾನ ಸಾಲದ ಕಾನೂನಿನಡಿ ಲೈಸೆನ್ಸ್ ಮಾಡಿಸಿಕೊಂಡರು. ಮನೆ ಸಾಲ ಕೊಡುವವರು ಮಾಡಿಸುತ್ತಾರಲ್ಲ, ಅದೇ. ಎರಡು ವಾರದ 500 ಡಾಲರ್ ಕೈಸಾಲಕ್ಕೆ ಮನೆಯೂ ಇಲ್ಲ, ಅಡಮಾನವೂ ಇಲ್ಲ. ಆದರೆ ಆ ಹಳೆಯ ಕಾನೂನು ಬಡ್ಡಿಯ ಜೊತೆ ಬೇರೆ ಬೇರೆ ಶುಲ್ಕ ಹಾಕಲು ಬಿಡುತ್ತಿತ್ತು. ಇಂಥ ಒಂದು ಸಾಲದ ಕೇಸು ರಾಜ್ಯದ ಸುಪ್ರೀಂ ಕೋರ್ಟಿನ ತನಕ ಹೋಯಿತು. 2014ರಲ್ಲಿ ತೀರ್ಪು ಬಂತು: ಕಾನೂನಿನ ಮಾತು ಇರುವಂತೆ ಓದಿದರೆ ಇದಕ್ಕೆ ಅಡ್ಡಿ ಇಲ್ಲ. ತೀರ್ಪಿಗೆ ಒಪ್ಪಿದ ನ್ಯಾಯಮೂರ್ತಿ ಪಾಲ್ ಫೈಫರ್ ಅವರೇ ಬೇಸರದಿಂದ ಬರೆದರು, 2008ರ ಕಾನೂನು ಇಲ್ಲವೇ ಇಲ್ಲವೇನೋ ಅನ್ನುವಂತಾಗಿದೆ, ಅದರಡಿ ಬರುವ ಸಾಲ ಕೊಡುವ ಕಂಪನಿ ಒಂದೂ ಇಲ್ಲ ಅಂತ. ಜನ ಮತ ಹಾಕಿ ಹತ್ತಿರ ಹತ್ತಿರ ಆರು ವರ್ಷ ಆಗಿತ್ತು.

ಈಗ ನಿಮ್ಮ ಅಣ್ಣನ ಮಗ ಇರುವ ಟೆಕ್ಸಸ್‌ಗೆ ಬರೋಣ. ಅಲ್ಲಿನ ಕಂಪನಿಗಳು ‘ನಾವು ಸಾಲ ಕೊಡುವವರೇ ಅಲ್ಲ’ ಅನ್ನುತ್ತವೆ. ಸಾಲದ ಇತಿಹಾಸ ಸರಿಪಡಿಸಿಕೊಡುತ್ತೇವೆ ಅಂತ ಜನರಿಗೆ ಟೋಪಿ ಹಾಕುತ್ತಿದ್ದವರನ್ನು ಹಿಡಿತಕ್ಕೆ ತರಲು 1987ರಲ್ಲಿ ಒಂದು ಕಾನೂನು ಬಂದಿತ್ತು. ಸಾಲ ಕೊಡಿಸಿ ಫೀ ಪಡೆಯುವ ಮಧ್ಯವರ್ತಿಗಳೂ ಅದರಡಿ ಬರುತ್ತಾರೆ. ಪೇಡೇ ಅಂಗಡಿಗಳು ಹೋಗಿ ಅದರೊಳಗೆ ಕೂತವು. ದುಡ್ಡು ಕೊಡುವವನು ಎಲ್ಲೋ ಇರುವ ಮೂರನೆಯವನು. ಅವನು ರಾಜ್ಯದ 10% ಮಿತಿಯೊಳಗೇ ಬಡ್ಡಿ ಹಾಕುತ್ತಾನೆ. ಅಂಗಡಿಯವರು ‘ಸಾಲ ಕೊಡಿಸಿದ್ದಕ್ಕೆ’ ಫೀ ಹಾಕುತ್ತಾರೆ. ಆ ಫೀಗೆ ರಾಜ್ಯ ಮಿತಿ ಇಟ್ಟಿಲ್ಲ. ಆ ಫೀ ಬಡ್ಡಿಯಲ್ಲ ಅಂತ ಫೆಡರಲ್ ಮೇಲ್ಮನವಿ ಕೋರ್ಟು 2004ರಲ್ಲಿ ಒಪ್ಪಿಕೊಂಡಿತು.

ಕಾಗದದ ಮೇಲೆ ಅದು ಹೇಗೆ ಕಾಣುತ್ತದೆ ನೋಡಿ. 500 ಡಾಲರ್, 14 ದಿನ. ಬಡ್ಡಿ 1 ಡಾಲರ್ 92 ಸೆಂಟ್. ಫೀ 100ಕ್ಕೆ 22 ಅಂತಿಟ್ಟುಕೊಳ್ಳಿ, 110 ಡಾಲರ್. ಬಡ್ಡಿಯ ಸಾಲು ನೋಡಿದರೆ ಪಾಪ ಧರ್ಮಕ್ಕೆ ಕೊಟ್ಟ ಹಾಗಿದೆ. ಎರಡನ್ನೂ ಕೂಡಿಸಿ ವರ್ಷಕ್ಕೆ ಹಾಕಿದರೆ 583%. ಡಲ್ಲಾಸ್ ನಗರಸಭೆ 2011ರಲ್ಲಿ ತನ್ನದೇ ನಿಯಮ ಮಾಡಿತು: ಸಾಲ ತಿಂಗಳ ಆದಾಯದ 20% ಮೀರಬಾರದು, ನಾಲ್ಕು ಕಂತಿನೊಳಗೆ ತೀರಬೇಕು, ಪ್ರತಿ ಕಂತಿನಲ್ಲೂ ಅಸಲು ಕಾಲು ಭಾಗ ಇಳಿಯಬೇಕು. ಟೆಕ್ಸಸ್‌ನ ಎಷ್ಟೋ ಊರುಗಳು ಅದನ್ನೇ ಅನುಸರಿಸಿದವು. ಫೀ ಮುಟ್ಟುವ ಅಧಿಕಾರ ಮಾತ್ರ ಊರುಗಳಿಗಿಲ್ಲ.

ಇನ್ನೊಂದು ಒಳದಾರಿ ಬ್ಯಾಂಕಿನ ಹೆಸರನ್ನು ಬಾಡಿಗೆಗೆ ಪಡೆಯುವುದು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ರಾಷ್ಟ್ರೀಯ ಬ್ಯಾಂಕು ತನ್ನ ತವರು ರಾಜ್ಯದ ಬಡ್ಡಿ ದರವನ್ನೇ ಬೇರೆ ರಾಜ್ಯದ ಗ್ರಾಹಕರಿಗೂ ಹಾಕಬಹುದು ಅಂದಿತು. ಆಗ ಜಗಳ ಇದ್ದದ್ದು ನೆಬ್ರಾಸ್ಕದ 18% ಮತ್ತು ಮಿನೆಸೋಟದ 12%ರ ನಡುವೆ, ಅದೂ ಕ್ರೆಡಿಟ್ ಕಾರ್ಡಿಗೆ. 1980ರಲ್ಲಿ ರಾಜ್ಯ ಮಟ್ಟದ ಬ್ಯಾಂಕುಗಳಿಗೂ ಅದೇ ಸವಲತ್ತು ಸಿಕ್ಕಿತು. ಈಗ ಬಡ್ಡಿಗೆ ಮಿತಿಯೇ ಇಲ್ಲದ ಯೂಟಾದಂಥ ರಾಜ್ಯದಲ್ಲಿ ಒಂದು ಸಣ್ಣ ಬ್ಯಾಂಕು ಹುಡುಕುತ್ತಾರೆ. ಸಾಲ ಅದರ ಹೆಸರಲ್ಲಿ ಹುಟ್ಟುತ್ತದೆ. ಗ್ರಾಹಕರನ್ನು ಹಿಡಿಯುವುದು, ವಸೂಲಿ ಮಾಡುವುದು, ಲಾಭದ ಬಹುಪಾಲು ತಿನ್ನುವುದು ಕಂಪನಿ. ಇದಕ್ಕೆ ದಾರಿ ಸುಗಮ ಮಾಡಿಕೊಡುವ ಕೇಂದ್ರದ ನಿಯಮವೊಂದು 2020ರಲ್ಲಿ ಬಂದಿತ್ತು. 2021ರ ಜೂನ್‌ನಲ್ಲಿ ಸಂಸತ್ತು ಅದನ್ನು ರದ್ದು ಮಾಡಿತು. ನಮ್ಮ ಲೋನ್ ಆ್ಯಪ್‌ಗಳು ಸಣ್ಣ ಎನ್‌ಬಿಎಫ್‌ಸಿಗಳ (ಬ್ಯಾಂಕಲ್ಲದ ಹಣಕಾಸು ಕಂಪನಿಗಳ) ಹೆಸರಿನಲ್ಲಿ ಸಾಲ ಕೊಟ್ಟದ್ದು ನಿಮಗೆ ನೆನಪಾಗಬಹುದು. ಅದೇ ಜಾತಿಯ ಗಿಡ.

ಮೂರನೆಯದು ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಹೆಸರು. ಬುಡಕಟ್ಟುಗಳಿಗೆ ಸ್ವಯಮಾಡಳಿತ ಇದೆ, ರಾಜ್ಯ ಸರ್ಕಾರ ಅವುಗಳ ಮೇಲೆ ಸುಲಭವಾಗಿ ಕೇಸು ಹಾಕುವಂತಿಲ್ಲ. ನೆಲ ಕಳೆದುಕೊಂಡ ಜನ ಉಳಿಸಿಕೊಂಡ ಹಕ್ಕು ಅದು. ಆ ಹಕ್ಕನ್ನೇ ಛತ್ರಿ ಮಾಡಿಕೊಂಡವನು ಕಾರ್ ರೇಸ್ ಓಡಿಸುತ್ತಿದ್ದ ಸ್ಕಾಟ್ ಟಕರ್. ಮೂರು ಬುಡಕಟ್ಟುಗಳ ಜೊತೆ ಒಪ್ಪಂದ ಮಾಡಿಕೊಂಡ, ಅವರಿಗೆ ಕೊಡುತ್ತಿದ್ದದ್ದು ವರಮಾನದ ಸುಮಾರು 1%. ಕೆಲಸಗಾರರೆಲ್ಲ ಕೂತಿದ್ದದ್ದು ಕನ್ಸಾಸ್‌ನ ಆಫೀಸಿನಲ್ಲಿ. ಫೋನ್ ಮಾಡಿದವರಿಗೆ ಒಕ್ಲಹೋಮದಿಂದಲೋ ನೆಬ್ರಾಸ್ಕದಿಂದಲೋ ಮಾತಾಡುತ್ತಿದ್ದೇವೆ ಅನ್ನಬೇಕು. ಅನುಮಾನ ಬಾರದಿರಲಿ ಅಂತ ಆ ಊರುಗಳ ಹವಾಮಾನ ವರದಿಯನ್ನೂ ಕೆಲಸಗಾರರಿಗೆ ಕೊಡುತ್ತಿದ್ದರು. 300 ಡಾಲರ್ ಸಾಲಕ್ಕೆ 390 ಕಟ್ಟಿದರೆ ಸಾಕು ಅಂತ ಕರಾರು. ವಸೂಲಿ ಮಾಡಿದ್ದು 975. 2018ರ ಜನವರಿಯಲ್ಲಿ ಅವನಿಗೆ 16 ವರ್ಷ 8 ತಿಂಗಳ ಜೈಲು ಶಿಕ್ಷೆ ಆಯಿತು. ಇದು ಕಳ್ಳ ವ್ಯವಹಾರವೇ ಸರಿ.

ಸೈನಿಕರನ್ನೂ ಬಿಡಲಿಲ್ಲ. ಸೇವೆಯಲ್ಲಿರುವ ಸೈನಿಕರಿಗೆ 2006ರ ಕಾನೂನು 36% ಮಿತಿ ಹಾಕಿತು. ಆದರೆ ನಿಯಮದಲ್ಲಿ ಪೇಡೇ ಸಾಲ ಅಂದರೆ 91 ದಿನದೊಳಗಿನದು ಅಂತಿತ್ತು. 92ನೇ ದಿನಕ್ಕೆ ವಾಯಿದೆ ಇಟ್ಟರೆ ಮಿತಿ ಲಾಗೂ ಆಗುತ್ತಿರಲಿಲ್ಲ. ಆ ಸಂದು ಮುಚ್ಚಿದ್ದು 2015ರಲ್ಲಿ.

ಮುಚ್ಚೋಕೆ ಆಗುವುದೇ ಇಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಓಹಿಯೋ 2018ರಲ್ಲಿ ಮತ್ತೆ ಕೂತು ಕಾನೂನು ಬರೆಯಿತು. ಈ ಸಲ ಹೆಸರಿನ ಗೊಡವೆ ಬಿಟ್ಟು ಒಟ್ಟು ಖರ್ಚಿಗೇ ಬೇಲಿ ಹಾಕಿದರು: ಬಡ್ಡಿ, ಫೀ ಎಲ್ಲ ಸೇರಿ ಅಸಲಿನ 60% ದಾಟಬಾರದು. 500 ಡಾಲರಿಗೆ ಹೆಚ್ಚೆಂದರೆ 300. ಕಡಿಮೆಯೇನಲ್ಲ. ಆದರೆ ಅಲ್ಲಿಗೆ ನಿಲ್ಲುತ್ತದೆ. ಇಂಥ ಸಣ್ಣ ಸಾಲಗಳಿಗೆ ಟೆಕ್ಸಸ್ ಮಾದರಿಯ ಮಧ್ಯವರ್ತಿಗಳನ್ನೂ ದೂರ ಇಟ್ಟರು.

ನಿಮ್ಮ ಅಣ್ಣನ ಮಗನಿಗೆ ಹೇಳಿ, ಸಾಲದ ಕಾಗದದಲ್ಲಿ ಬಡ್ಡಿಯ ಸಾಲು ನೋಡಬೇಡ, ‘ಎಪಿಆರ್’ (ವರ್ಷದ ಲೆಕ್ಕದ ದರ) ಅನ್ನುವ ಚೌಕ ನೋಡು ಅಂತ. 1968ರ ಫೆಡರಲ್ ಕಾನೂನಿನ ಪ್ರಕಾರ ಅಲ್ಲಿ ಫೀಯನ್ನೂ ಸೇರಿಸಿಯೇ ತೋರಿಸಬೇಕು. ಆ 583% ಅಲ್ಲಿ ಸಿಗುತ್ತದೆ. ಇನ್ನೊಂದು, ಕಾಲೇಜಿನ ಹತ್ತಿರ ಫೆಡರಲ್ ಕ್ರೆಡಿಟ್ ಯೂನಿಯನ್ ಇದ್ದರೆ ಕಷ್ಟ ಬರುವ ಮೊದಲೇ ಸದಸ್ಯನಾಗಲಿ. ನಮ್ಮ ಸಹಕಾರ ಸಂಘದ ತರಹವೇ ಅದು. ಅವುಗಳಲ್ಲಿ ಕೆಲವು 200ರಿಂದ 1000 ಡಾಲರ್ ತನಕ ಸಣ್ಣ ಸಾಲ ಕೊಡುತ್ತವೆ. ಬಡ್ಡಿ 28% ಮೀರುವಂತಿಲ್ಲ, ಅರ್ಜಿ ಶುಲ್ಕ 20 ಡಾಲರ್ ಮೀರುವಂತಿಲ್ಲ. ಆದರೆ ಸದಸ್ಯನಾಗಿ ಒಂದು ತಿಂಗಳಾದರೂ ಆಗಿರಬೇಕು, ಅದಕ್ಕೇ ಈಗಲೇ ಖಾತೆ ತೆರೆಯಲಿ ಅಂದದ್ದು.