ಬೇಲಿಗೂಟದಿಂದ ಕಂಬಕ್ಕೆ: ಬ್ಲೂಬರ್ಡ್ ಗೂಡಿನ ಕಾವಲು

ಅಮೆರಿಕದಲ್ಲಿ ಬ್ಲೂಬರ್ಡ್ ಎಂಬ ನೀಲಿ ಹಕ್ಕಿಗೆ ಗೂಡುಪೆಟ್ಟಿಗೆ ಇಡುವವರ ನಡುವೆ ಹಳೆಯದೊಂದು ವಾದವಿದೆ. ಮೊಟ್ಟೆ, ಮರಿ ಕದಿಯುವ ಪ್ರಾಣಿಗಳನ್ನು ತಡೆಯುವ ಕಾವಲು ಎಲ್ಲಿರಬೇಕು, ಪೆಟ್ಟಿಗೆಯ ತೂತಿಗೋ ಅದನ್ನು ಹೊತ್ತ ಕಂಬಕ್ಕೋ? ಜಾಲರಿ, ತಗಡು, ಗ್ರೀಸ್ ಎಂದು ಒಬ್ಬೊಬ್ಬರದು ಒಂದೊಂದು ಸಲಹೆ. ಹೊಸಬರಿಗೆ ತಲೆಬುಡ ಅರ್ಥವಾಗುವುದಿಲ್ಲ.

ಬ್ಲೂಬರ್ಡ್ ತಾನೇ ಮರ ಕೊರೆಯಲಾರದು. ಮರಕುಟಿಗ ಬಿಟ್ಟುಹೋದ ಪೊಟರೆಯೇ ಅದಕ್ಕೆ ಮನೆ. 1850ರ ದಶಕದಲ್ಲಿ ಯುರೋಪಿನಿಂದ ಗುಬ್ಬಚ್ಚಿ ಬಂತು, 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸ್ಟಾರ್ಲಿಂಗ್ ಎಂಬ ಇನ್ನೊಂದು ಯುರೋಪಿನ ಹಕ್ಕಿಯನ್ನು ಬಿಟ್ಟರು, ಎರಡೂ ಪೊಟರೆಗಳನ್ನು ಕಸಿದವು, ಒಣಮರಗಳು ಕೊಡಲಿಗೆ ಹೋದವು, ಬ್ಲೂಬರ್ಡ್ ಅಪರೂಪವಾಯಿತು. (ನಾವು ಪೆಟ್ಟಿಗೆ ತೂಗುಹಾಕಿ ಕರೆಯುವ ಗುಬ್ಬಿಯನ್ನೇ ಅಲ್ಲಿ ಪೆಟ್ಟಿಗೆಯಿಂದ ಓಡಿಸಬೇಕಾಗಿದೆ.) 1934ರಲ್ಲಿ ಇಲಿನಾಯ್ ರಾಜ್ಯದ ಕ್ವಿನ್ಸಿಯಲ್ಲಿ ಥಾಮಸ್ ಮಸಲ್‌ಮನ್ ರಸ್ತೆಬದಿಗೆ ಸಾಲಾಗಿ ಪೆಟ್ಟಿಗೆ ಇಡತೊಡಗಿದರು. 1978ರಲ್ಲಿ ಲಾರೆನ್ಸ್ ಝೆಲೆನಿ ನಾರ್ತ್ ಅಮೆರಿಕನ್ ಬ್ಲೂಬರ್ಡ್ ಸೊಸೈಟಿ ಕಟ್ಟಿದರು. ಒಂದೂವರೆ ಇಂಚಿನ ತೂತು ಸ್ಟಾರ್ಲಿಂಗನ್ನು ಹೊರಗಿಟ್ಟಿತು. ಹಕ್ಕಿ ಮರಳಿತು.

ತೊಡಕು ಶುರುವಾದದ್ದು ಆ ಸಾಲಿನಲ್ಲೇ. ಪೆಟ್ಟಿಗೆ ಹೊಡೆಯಲು ಕೈಗೆ ಸಿಕ್ಕಿದ್ದು ಬೇಲಿಗೂಟ, ಮರದ ಕಾಂಡ. ಎರಡನ್ನೂ ರಕೂನ್ ಎಂಬ ಅಲ್ಲಿನ ಕಾಡುಪ್ರಾಣಿ ಸಲೀಸಾಗಿ ಹತ್ತುತ್ತದೆ. ಒಂದರಲ್ಲಿ ಮೊಟ್ಟೆ ಸಿಕ್ಕಿದರೆ ಬೇಲಿ ಹಿಡಿದು ಮುಂದಿನದಕ್ಕೆ ನಡೆಯುತ್ತದೆ. ಪೆಟ್ಟಿಗೆ ತೆರೆದವರಿಗೆ ಕುರುಹು ಓದಲು ಬರಬೇಕು. ಹುಲ್ಲು ತೂತಿನಿಂದ ಹೊರಕ್ಕೆ ಎಳೆದುಬಿದ್ದಿದ್ದರೆ ಅದು ಬಹುಮಟ್ಟಿಗೆ ರಕೂನ್ ಅಥವಾ ಬೆಕ್ಕು. ಗೂಡು ಕಟ್ಟಿದ ಹಾಗೇ ಇದ್ದು ಮರಿಗಳಷ್ಟೇ ಮಾಯವಾಗಿದ್ದರೆ ಹೆಚ್ಚಾಗಿ ಹಾವು.

ತೂತಿಗೆ ದಪ್ಪ ಮರದ ತುಂಡು ಜೋಡಿಸಿದರು. ಬೆಕ್ಕಿನ ಕೈ ತಡವರಿಸಿತು, ಹಾವಿಗೆ ಅದು ಲೆಕ್ಕಕ್ಕೇ ಬರಲಿಲ್ಲ. ಕಂಬಕ್ಕೆ ಗ್ರೀಸ್ ಬಳಿದರು. ಅದು ಒಣಗುತ್ತದೆ, ಹಕ್ಕಿಯ ಗರಿಗೂ ಮೆತ್ತುತ್ತದೆ. ಕೊನೆಗೆ ನೆಲೆ ನಿಂತದ್ದು ಒಲೆಯ ಹೊಗೆಕೊಳವೆ. ನುಣುಪಾದ ಕಬ್ಬಿಣದ ಕಂಬದ ಮೇಲೆ ಪೆಟ್ಟಿಗೆ, ಅದರ ಕೆಳಗೆ ಕಂಬವನ್ನು ಸುತ್ತುವರಿದು 7–8 ಇಂಚು ಅಗಲ, 2 ಅಡಿ ಉದ್ದದ ತಗಡಿನ ಕೊಳವೆ. ಅದರ ಮೇಲ್ತುದಿಗೆ ಸಣ್ಣ ಕಣ್ಣಿನ ಜಾಲರಿಯ ಮುಚ್ಚಳ. ಕಂಬ ಹತ್ತಿದ ಹಾವು ಕೊಳವೆಯೊಳಗೆ ಸಾಗಿ ಜಾಲರಿಗೆ ತಲೆ ತಾಗಿಸಿ ಹಿಂದಿರುಗುತ್ತದೆ. ರಕೂನ್ ಹೊರಗಿನಿಂದ ಹತ್ತಲು ಹೋದರೆ ಕೊಳವೆ ತಬ್ಬಿಗೆ ಸಿಗುವುದಿಲ್ಲ. ಬಿಗಿಯಾಗಿ ಕೂರಿಸದ ಕಾರಣ ಅಲುಗಾಡುತ್ತದೆ ಕೂಡ. ಹಾವು ಉದ್ದವಿರುವ ಕಡೆ ಕೊಳವೆಯೂ ಉದ್ದವಿರಬೇಕು. ಹತ್ತಿರದ ಕೊಂಬೆಯಿಂದ ಬೆಕ್ಕೋ ಅಳಿಲೋ ಹಾರುವಂತಿದ್ದರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲ.

ಆದರೂ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಬಣ್ಣ ಬಳಿದ ಪೆಟ್ಟಿಗೆ. ಕಂಬ, ಕೊಳವೆ ಜೊತೆಗೆ ಬರುವುದು ಕಡಿಮೆ. ಕಾವಲಿಲ್ಲದ ಪೆಟ್ಟಿಗೆ ಇಡುವುದಕ್ಕಿಂತ ಇಡದಿರುವುದೇ ಹಕ್ಕಿಗೆ ಉಪಕಾರ. ಹತ್ತು ಪೆಟ್ಟಿಗೆಯ ದುಡ್ಡಿನಲ್ಲಿ ನಾಲ್ಕನ್ನು ಭದ್ರವಾಗಿ ನಿಲ್ಲಿಸಬಹುದು.

ಕೊಳವೆಗೂ ಬಗ್ಗದ್ದು ಹೌಸ್ ರೆನ್ ಎಂಬ ಹಕ್ಕಿ. ಹಾರಿಬಂದು ಮೊಟ್ಟೆ ಕುಕ್ಕಿ ತೂತು ಮಾಡುವ ಈ ಪುಟ್ಟ ಹಕ್ಕಿ ಅಲ್ಲಿನದೇ. 1918ರ ವಲಸೆ ಹಕ್ಕಿ ಕಾಯ್ದೆಯ ರಕ್ಷಣೆ ಇರುವುದರಿಂದ ಅದರ ಮೊಟ್ಟೆಯಿರುವ ಗೂಡನ್ನು ಮುಟ್ಟುವಂತಿಲ್ಲ. ಪೊದೆ ಅದಕ್ಕೆ ಇಷ್ಟ, ಬ್ಲೂಬರ್ಡ್‌ಗೆ ಬಯಲು ಇಷ್ಟ. ಹಾಗಾಗಿ ಪೆಟ್ಟಿಗೆಯನ್ನು ಪೊದೆಯಿಂದ ದೂರ, ಹುಲ್ಲುಬಯಲಿನ ನಡುವೆ ನಿಲ್ಲಿಸುವುದೇ ಸದ್ಯಕ್ಕಿರುವ ಉಪಾಯ.