ಕೆಂಪಗಿರೋದೆಲ್ಲ ರಕ್ತ ಆಗಲ್ಲ

ಹಿಮೋಗ್ಲೋಬಿನ್, ಅಂದ್ರೆ ರಕ್ತದಲ್ಲಿರೋ ಕಬ್ಬಿಣದ ಕೆಂಪು ಪ್ರೋಟೀನ್, ಎಂಟೂವರೆಗೆ ಇಳಿದಿದೆ ಅಂತ ರಿಪೋರ್ಟ್ ಬಂತು ಅಂದ್ರೆ ನಮ್ಮ ದಾವಣಗೆರೆಲಿ ಡಾಕ್ಟ್ರಿಗಿಂತ ಮುಂಚೆ ಟ್ರೀಟ್‌ಮೆಂಟ್ ಶುರು ಮಾಡೋರು ಅಕ್ಕಪಕ್ಕದ ಮನೆಯೋರು. ಬೀಟ್‌ರೂಟ್ ಜ್ಯೂಸ್ ಕುಡಿಸ್ರಿ, ದಾಳಿಂಬೆ ತಿನ್ನಿಸ್ರಿ, ಹದಿನೈದು ದಿನದಲ್ಲಿ ರಕ್ತ ತುಂಬ್ಕೊಳ್ಳುತ್ತೆ ನೋಡ್ರಿ. ನನಗೆ ಬೀಟ್‌ರೂಟ್ ಮೇಲೆ ಸಿಟ್ಟೇನಿಲ್ಲ, ಪಲ್ಯ ಮಾಡಿದ್ರೆ ಎರಡು ಸಲ ಹಾಕಿಸ್ಕೋತೀನಿ, ಆದ್ರೆ ಅದರ ಕೆಂಪು ಬೆಟಾನಿನ್ ಅನ್ನೋ ಬಣ್ಣದ್ದು, ಆ ಬಣ್ಣದಲ್ಲಿ ಕಬ್ಬಿಣದ ಒಂದು ಪರಮಾಣುನೂ ಇಲ್ಲ. 100 ಗ್ರಾಂ ಬೀಟ್‌ರೂಟಲ್ಲಿ ಸಿಗೋ ಕಬ್ಬಿಣ ಹೆಚ್ಚುಕಮ್ಮಿ 0.8 ಮಿಲಿಗ್ರಾಂ. ದಾಳಿಂಬೆಲಿ ಅದರ ಅರ್ಧನೂ ಇಲ್ಲ. ಹಿರಿಯೂರು ಕಡೆ ರೈತರು ಬೆಳೆಯೋ ಹಣ್ಣು, ರುಚಿಗೆ ತಿನ್ರಿ, ಯಾರು ಬೇಡ ಅಂದ್ರು, ಆದ್ರೆ ಅಡಿಗೆಮನೆ ಡಬ್ಬಿಲಿ ಬಿದ್ದಿರೋ ಹುರುಳಿಕಾಳಲ್ಲಿ ಬೀಟ್‌ರೂಟಿನ ಐದಾರು ಪಟ್ಟಿಗೂ ಮೇಲೆ ಕಬ್ಬಿಣ ಇದೆ, ಅದು ಕೆಂಪಗೆ ಕಾಣಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರೂ ಹೇಳಲ್ಲ.

ಇದು ಯಾವುದೋ ಒಂದು ಮನೆ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ. ಎಲ್ಲಾ ಕೇಸೂ ಊಟದಲ್ಲಿ ಕಬ್ಬಿಣ ಕಮ್ಮಿ ಆಗಿ ಬಂದಿದ್ದಲ್ಲ, ವಿಟಮಿನ್ ಬಿ12 ಕಮ್ಮಿ ಇರಬಹುದು, ಜಂತುಹುಳ ಇರಬಹುದು, ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗ್ತಿರಬಹುದು, ಅದನ್ನ ಡಾಕ್ಟ್ರೇ ಹೇಳ್ಬೇಕು. ಆದ್ರೆ ದೊಡ್ಡ ಪಾಲು ಕಬ್ಬಿಣದ್ದೇ.

ತಮಾಷೆ ಏನಂದ್ರೆ ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇ. 5 ಕಬ್ಬಿಣನೇ. ನಮ್ಮ ಪಕ್ಕದ ಚಿತ್ರದುರ್ಗದ ಭೀಮಸಮುದ್ರದ ಕಡೆ ಅದಿರು ತುಂಬ್ಕೊಂಡು ಲಾರಿಗಳು ಓಡಾಡ್ತವೆ, ಹೊಲದ ಕೆಂಪು ಮಣ್ಣು ಕೆಂಪಗಿರೋದೂ ಅದರಿಂದಲೇ. ಅಷ್ಟೆಲ್ಲ ಇದ್ರೂ ದೇಹಕ್ಕೆ ಸಿಗಲ್ಲ, ಯಾಕಂದ್ರೆ ತುಕ್ಕು ಹಿಡಿದ ಸ್ಥಿತಿಯ ಕಬ್ಬಿಣ ನೀರಲ್ಲಿ ಕರಗೋದೇ ಇಲ್ಲ ಅನ್ನಬೇಕು. ಕಾಳು-ಸೊಪ್ಪಿನ ಕಬ್ಬಿಣನೂ ಬಹುಪಾಲು ಅದೇ ಫೆರಿಕ್ ರೂಪದ್ದು. ಅದು ಸುಲಭವಾಗಿ ಕರಗೋ ಫೆರಸ್ ರೂಪಕ್ಕೆ ಬದಲಾದ್ರೆ ಮಾತ್ರ ಕರುಳಿನ ಕೋಶ ಒಳಗೆ ತಗೊಳ್ಳುತ್ತೆ.

ಈಗ ನನಗೆ ಬಹಳ ಇಷ್ಟದ ಭಾಗ. ಕರುಳಿನ ಕೋಶ ಕಬ್ಬಿಣ ಹೀರ್ಕೊಂಡ ಮಾತ್ರಕ್ಕೆ ಅದು ರಕ್ತಕ್ಕೆ ಸೇರಿತು ಅಂತಲ್ಲ. ಮೆಕ್ಕೆಜೋಳದ ಸೀಸನ್ನಲ್ಲಿ ನಮ್ಮ ಎಪಿಎಂಸಿ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿರ್ತವಲ್ಲ, ಹಾಗೆ ಆ ಕೋಶದಲ್ಲಿ ಕಬ್ಬಿಣ ಬಂದು ನಿಂತಿರುತ್ತೆ. ರಕ್ತದ ಕಡೆಗೆ ಇರೋ ಗೇಟು ಒಂದೇ, ಫೆರೊಪೋರ್ಟಿನ್ ಅಂತ ಅದರ ಹೆಸರು. ಆ ಗೇಟು ಮುಚ್ಚಿಸೋ ಅಧಿಕಾರ ಲಿವರ್ ಕಳಿಸೋ ಹೆಪ್ಸಿಡಿನ್ ಅನ್ನೋ ಹಾರ್ಮೋನಿಗೆ. ದೇಹದಲ್ಲಿ ದಾಸ್ತಾನು ಇದ್ರೆ ಹೆಪ್ಸಿಡಿನ್ ಜಾಸ್ತಿ ಆಗುತ್ತೆ, ಗೇಟು ಬಂದ್, ಮೂರರಿಂದ ಐದು ದಿನದಲ್ಲಿ ಆ ಕೋಶನೇ ಕಳಚಿ ಮಲದಲ್ಲಿ ಹೋಗುತ್ತೆ, ಸರಕಿನ ಸಮೇತ. ದಾಸ್ತಾನು ಖಾಲಿ ಆದ್ರೆ ಹೆಪ್ಸಿಡಿನ್ ಇಳಿಯುತ್ತೆ, ಗೇಟು ತೆರೀತದೆ. ಜ್ವರ, ಸೋಂಕು ಇದ್ದಾಗ್ಲೂ ಮುಚ್ಚಿಸುತ್ತೆ, ರೋಗಾಣುಗೂ ಕಬ್ಬಿಣ ಬೇಕಲ್ಲ, ಅದಕ್ಕೆ ಸಿಗಬಾರದು ಅಂತ. ಇಷ್ಟು ಬಿಗಿ ಯಾಕೆ ಅಂದ್ರೆ ಒಮ್ಮೆ ಒಳಗೆ ಬಂದ ಕಬ್ಬಿಣನ ಬೇಕಂತ ಹೊರಗೆ ಹಾಕೋ ದಾರಿ ದೇಹಕ್ಕೆ ಗೊತ್ತೇ ಇಲ್ಲ. ಕೆಂಪು ರಕ್ತಕಣ 120 ದಿನ ಬದುಕಿ ಸತ್ರೆ ಅದರ ಕಬ್ಬಿಣ ಮತ್ತೆ ಹೊಸ ಕಣಕ್ಕೇ ಬಳಕೆ ಆಗುತ್ತೆ. ಹಂಗಾಗಿ ದಿನಕ್ಕೆ ಹೊರಗಿಂದ ರಕ್ತಕ್ಕೆ ಸೇರಬೇಕಾಗಿರೋ ಕಬ್ಬಿಣ ಒಂದೆರಡು ಮಿಲಿಗ್ರಾಂ ಅಷ್ಟೇ. ಅಷ್ಟೂ ಸೇರ್ತಿಲ್ಲ ಅನ್ನೋದೇ ಗೋಳು.

ಯಾಕೆ ಸೇರಲ್ಲ? ಟೀ ನೋಡ್ರಿ. ರೊಟ್ಟಿ, ಕಾಳುಪಲ್ಯ ತಿಂದು ಕೈ ತೊಳೆಯೋದ್ರೊಳಗೆ ಟೀ ಬೇಕು ನಮಗೆ. ಟೀಲಿರೋ ಟ್ಯಾನಿನ್ ಹೊಟ್ಟೆಲೇ ಕಬ್ಬಿಣನ ಹಿಡ್ಕೊಂಡು ಬಿಡುತ್ತೆ, ಹೀರಿಕೆ ಅರ್ಧಕ್ಕರ್ಧ ಇಳಿಯಬಹುದು. ಟೀ ಬಿಡ್ರಿ ಅಂತ ನಾನು ಹೇಳಲ್ಲ, ಹೇಳಿದ್ರೆ ಈ ಊರಲ್ಲಿ ಯಾರೂ ಮಾತಾಡ್ಸಲ್ಲ. ಊಟಕ್ಕೂ ಟೀಗೂ ಒಂದೆರಡು ಗಂಟೆ ಗ್ಯಾಪ್ ಇರಲಿ. ಸಂಜೆ ಮಂಡಕ್ಕಿ ಮೆಣಸಿನಕಾಯಿ ಜೊತೆ ಆರಾಮಾಗಿ ಕುಡೀರಿ, ಅಲ್ಲಿ ಕಳ್ಕೊಳ್ಳೋಕೆ ಕಬ್ಬಿಣ ಇರೋದೇ ಅಷ್ಟಕ್ಕಷ್ಟೆ. ನಿಂಬೆಹಣ್ಣು ಇದರ ಉಲ್ಟಾ, ವಿಟಮಿನ್ ಸಿ ಫೆರಿಕ್ ಅನ್ನ ಫೆರಸ್ ಮಾಡಿ ಕರಗೋ ಹಾಗೆ ಇಡುತ್ತೆ. ಆದ್ರೆ ಒಲೆ ಮೇಲೆ ಕುದಿಸಿದ್ರೆ ವಿಟಮಿನ್ ಹಾಳಾಗುತ್ತೆ, ತಟ್ಟೆಗೆ ಬಡಿಸಿದ ಮೇಲೆ ಹಿಂಡ್ಕೋಬೇಕು. ಊಟದ ಜೊತೆ ಒಂದು ಸೀಬೆಹಣ್ಣು ತಿಂದ್ರೂ ಆಯ್ತು.

ಇನ್ನು ರಾಗಿ, ನವಣೆ, ಹುರುಳಿ ಇವುಗಳಲ್ಲಿ ಫೈಟೇಟ್ ಇದೆ, ಬೀಜ ತನ್ನ ಮೊಳಕೆಗೆ ಅಂತ ರಂಜಕ ಕೂಡಿಟ್ಟಿರೋ ಗಂಟು ಅದು, ಕಬ್ಬಿಣನೂ ಕಟ್ಟಿಹಾಕುತ್ತೆ. ನೆನೆಸಿ ಮೊಳಕೆ ಕಟ್ಟಿದ್ರೆ ಬೀಜದ ಕಿಣ್ವನೇ ಆ ಗಂಟು ಬಿಚ್ಚುತ್ತೆ. ಅಜ್ಜಿಯಂದಿರು ಮಗುಗೆ ರಾಗಿ ಮೊಳಕೆ ಬರಿಸಿ ಹಿಟ್ಟು ಮಾಡ್ತಿದ್ದದ್ದು ಒಳ್ಳೆ ಕೆಮಿಸ್ಟ್ರಿ, ಈಗ ಅದನ್ನ ಬಿಟ್ಟು ದುಬಾರಿ ಡಬ್ಬಿ ಪುಡಿ ತರ್ತೀವಿ. ಮಾಂಸ ತಿನ್ನೋರಿಗೆ ಇಷ್ಟು ತಲೆನೋವಿಲ್ಲ, ಮಾಂಸ, ಲಿವರಿನಲ್ಲಿರೋ ಹೀಮ್ ಅನ್ನೋ ರೂಪದ ಕಬ್ಬಿಣ ಬೇರೆ ಬಾಗಿಲಲ್ಲಿ ಸುಲಭವಾಗಿ ಒಳಗೆ ಹೋಗುತ್ತೆ. ಆದ್ರೆ ಬಾಡೂಟದ ದಿನ ಒಳ್ಳೆ ಪೀಸೆಲ್ಲ ಗಂಡಸರ ತಟ್ಟೆಗೆ, ಕೊನೆಗೆ ಕೂತ ಅಡಿಗೆ ಮಾಡಿದೋಳಿಗೆ ಸಾರು. ತಿಂಗಳು ತಿಂಗಳು ರಕ್ತ ಕಳ್ಕೊಳ್ಳೋಳು ಅವಳೇ.

ಇಲ್ಲೊಂದು ಹಳೇ ವಿಷಯ ಹೇಳ್ಲೇಬೇಕು, ನಮ್ಮದು ಒಂದು ಕಾಲಕ್ಕೆ ಕಾಟನ್ ಮಿಲ್ಲುಗಳ ಊರಾಗಿತ್ತಲ್ಲವಾ. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಬಾಂಬೆಗೆ ಬಂದು ಅಲ್ಲಿನ ಬಟ್ಟೆ ಗಿರಣಿಗಳ ಬಸುರಿ ಕೆಲಸಗಾರರ ರಕ್ತಹೀನತೆ ನೋಡಿದ್ರು. ಅದು ಕಬ್ಬಿಣದ ಕೊರತೆ ಥರ ಇರಲಿಲ್ಲ, ರಕ್ತಕಣಗಳು ಸಣ್ಣದಾಗೋ ಬದಲು ದಪ್ಪಗಾಗಿದ್ವು. ಯೀಸ್ಟಿನ ಸಾರ ತಿನ್ನಿಸಿದಾಗ ಹೆಂಗಸರು ಚೇತರಿಸ್ಕೊಂಡ್ರು. ಅದರಲ್ಲಿದ್ದ ವಸ್ತು ಫೋಲಿಕ್ ಆಸಿಡ್ (ಫೋಲೇಟ್ ಅಂತಲೂ ಅಂತಾರೆ, ಒಂದು ಬಿ ವಿಟಮಿನ್), 1941ರಲ್ಲಿ ಅದನ್ನ ಬೇರ್ಪಡಿಸಿದ್ದು ಪಾಲಕ್ ಸೊಪ್ಪಿಂದ. ಕಬ್ಬಿಣಕ್ಕೆ ಅಂತ ಪಾಲಕ್ಕಿಗೆ ಸಿಕ್ಕಿರೋ ಹೆಸರು ಅತಿ ಆಯ್ತು, ಫೋಲೇಟಿಗೆ ಸಿಗಬೇಕಿತ್ತು. ಆಶಾ ಅಕ್ಕ ಬಸುರಿಯರಿಗೆ ಕೊಡೋ ಕೆಂಪು ಮಾತ್ರೆ, ಹೈಸ್ಕೂಲು ಹುಡುಗೀರಿಗೆ ವಾರಕ್ಕೊಂದು ಕೊಡೋ ನೀಲಿ ಮಾತ್ರೆ, ಎರಡರಲ್ಲೂ ಕಬ್ಬಿಣದ ಜೊತೆ ಫೋಲಿಕ್ ಆಸಿಡ್ಡೂ ಇರುತ್ತೆ.

ಆ ಮಾತ್ರೆನ ಟೀ ಜೊತೆ ನುಂಗಬೇಡ್ರಿ, ಹಾಲಿನ ಜೊತೆನೂ ಬೇಡ, ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ರೆ ಎರಡಕ್ಕೂ ಎರಡು ಗಂಟೆಯಾದ್ರೂ ಅಂತರ ಇರಲಿ. ಮಲ ಕಪ್ಪಗಾಗೋದು ನೋಡಿ ಹೆದರಿ ಎಷ್ಟೋ ಜನ ಮಾತ್ರೆನ ಕಸದ ಡಬ್ಬಿಗೆ ಎಸೀತಾರೆ, ಅದು ಹೀರದೆ ಉಳಿದ ಕಬ್ಬಿಣದ ಬಣ್ಣ ಅಷ್ಟೆ. ಇನ್ನು ಕೆಲವರು ಹಿಮೋಗ್ಲೋಬಿನ್ 12 ಮುಟ್ಟಿದ ದಿನವೇ ನಿಲ್ಲಿಸ್ತಾರೆ, ಆಗಿನ್ನೂ ಲಿವರಿನ ದಾಸ್ತಾನು ಖಾಲಿನೇ ಇರುತ್ತೆ, ಅದಕ್ಕೇ ಡಾಕ್ಟ್ರು ಆಮೇಲೂ ಮೂರು ತಿಂಗಳು ನುಂಗ್ರಿ ಅನ್ನೋದು.