ಒಂದೇ ಸಾರ್ಸ್, ಊರಿಗೊಂದು ಚಿಕಿತ್ಸೆ: ಯಾರದು ಸರಿ?

ಪ್ರಶ್ನೆ: 2003ರಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ಸೋಂಕು ಬಂದಾಗ ಹಾಂಗ್‌ಕಾಂಗ್‌ನಲ್ಲಿ ನೂರಕ್ಕೆ 17 ರೋಗಿಗಳು ತೀರಿಕೊಂಡರು. ಚೀನಾ ಮುಖ್ಯಭೂಮಿಯಲ್ಲಿ ಸುಮಾರು 7. ಹಾಗಾದರೆ ಚೀನಾದ ಚಿಕಿತ್ಸೆಯೇ ಮೇಲು ಅಲ್ವಾ?

ಈ ಅಂಕಿಗಳಿಂದ ಹಾಗೆ ಹೇಳಲು ಬರುವುದಿಲ್ಲ.

ರೋಗ ಶುರುವಾಗಿದ್ದು 2002ರ ನವೆಂಬರ್‌ನಲ್ಲಿ, ಚೀನಾ ಮುಖ್ಯಭೂಮಿಯ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ. ಇದು ಹೊಸ ಕೊರೊನಾ ವೈರಸ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಖಚಿತಪಡಿಸುವಾಗ ಏಪ್ರಿಲ್ ಬಂದಿತ್ತು. ಅಲ್ಲಿಯವರೆಗೆ ವೈದ್ಯರು ಕಣ್ಣಿಗೆ ಕಂಡದ್ದಕ್ಕೆ ಮದ್ದು ಕೊಟ್ಟರು. ಗುವಾಂಗ್‌ಡಾಂಗ್‌ನಲ್ಲಿ ಉರಿಯೂತ ತಗ್ಗಿಸುವ ಸ್ಟೀರಾಯ್ಡ್, ಮಾಸ್ಕ್ ಮೂಲಕ ಒತ್ತಡದ ಗಾಳಿ, ಜೊತೆಗೆ ಚೀನೀ ಸಾಂಪ್ರದಾಯಿಕ ಔಷಧ. ಹಾಂಗ್‌ಕಾಂಗ್‌ನಲ್ಲಿ ವೈರಸ್ ವಿರುದ್ಧದ ಮದ್ದು ರಿಬಾವಿರಿನ್ ಮತ್ತು ಜಾಸ್ತಿ ಡೋಸ್ ಸ್ಟೀರಾಯ್ಡ್. ಮಾಸ್ಕ್‌ನಿಂದ ಸೋರುವ ಗಾಳಿ ನರ್ಸ್‌ಗಳಿಗೆ ಸೋಂಕು ತಗುಲಿಸೀತು ಎಂಬ ಭಯ ಅಲ್ಲಿ ದೊಡ್ಡದಿತ್ತು. ಆ ಭಯ ಸುಮ್ನೆ ಹುಟ್ಟಿದ್ದಲ್ಲ, ಆಸ್ಪತ್ರೆ ಸಿಬ್ಬಂದಿಯೇ ಸಾಲುಸಾಲಾಗಿ ಮಲಗಿದ್ದರು. ಟೊರೊಂಟೊದಲ್ಲೂ ರಿಬಾವಿರಿನ್ ಕೊಟ್ಟರು. ರೋಗಿಗಳ ಕೆಂಪು ರಕ್ತಕಣಗಳು ಒಡೆಯತೊಡಗಿದಾಗ ಕೈಬಿಟ್ಟರು.

ಈಗ ಲೆಕ್ಕಕ್ಕೆ ಬರೋಣ. ಹಾಂಗ್‌ಕಾಂಗ್‌ನಲ್ಲಿ 1,755 ರೋಗಿಗಳು, 299 ಸಾವು. ಮುಖ್ಯಭೂಮಿಯಲ್ಲಿ 5,327 ರೋಗಿಗಳು, 349 ಸಾವು. ಆದರೆ ಎಣಿಸಿದ ರೀತಿ ಒಂದೇ ಅಲ್ಲ. ಮುಖ್ಯಭೂಮಿಯಲ್ಲಿ ಲ್ಯಾಬ್ ಖಾತ್ರಿ ಇಲ್ಲದೆ, ಲಕ್ಷಣ ನೋಡಿಯೇ ಸೇರಿಸಿದವರು ಬಹಳ. ಅವರಲ್ಲಿ ಬೇರೆ ನ್ಯುಮೋನಿಯಾದವರೂ ಇದ್ದರೆ ಸಾವಿನ ಪ್ರಮಾಣ ತಾನಾಗಿ ಇಳಿಯುತ್ತದೆ. ವಯಸ್ಸಿನದ್ದು ಇನ್ನೂ ದೊಡ್ಡ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 24 ದಾಟದವರಲ್ಲಿ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ, 65 ದಾಟಿದವರಲ್ಲಿ ಅರ್ಧಕ್ಕೂ ಜಾಸ್ತಿ. ಮುಖ್ಯಭೂಮಿಯ ರೋಗಿಗಳು ಒಟ್ಟಾರೆ ಚಿಕ್ಕ ವಯಸ್ಸಿನವರು. ಇಷ್ಟೆಲ್ಲ ಕಲಸಿಕೊಂಡ ಮೇಲೆ ಮದ್ದಿನ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಹೇಗೆ?

ಬಿಡಿಸುವ ದಾರಿ ಇತ್ತು. ಒಂದೇ ಥರದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮದ್ದು ಕೊಟ್ಟು ನೋಡಬೇಕಿತ್ತು. ಆ ಗಡಿಬಿಡಿಯಲ್ಲಿ ಅಂಥ ದೊಡ್ಡ ಪ್ರಯೋಗ ನಡೆಯಲೇ ಇಲ್ಲ. 2003ರ ಜುಲೈ ಹೊತ್ತಿಗೆ ರೋಗವೇ ನಿಂತಿತು. ನನಗೆ ತುಂಬ ನೋವು ಕೊಡುವ ಸಂಗತಿ ಬದುಕಿ ಉಳಿದವರದ್ದು. ಜಾಸ್ತಿ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಕೆಲವರಿಗೆ ಸೊಂಟದ ಕೀಲಿನ ಮೂಳೆ ಸತ್ತು, ನಡೆಯುವುದೇ ಕಷ್ಟವಾಯಿತು. ಅಷ್ಟು ತೆತ್ತದ್ದಕ್ಕೆ ಜೀವ ಉಳಿಯಿತೋ ಇಲ್ಲವೋ, ಅವರಿಗೆ ಯಾರೂ ಖಚಿತವಾಗಿ ಹೇಳಲಾರರು.

ಕೋವಿಡ್ ಬಂದಾಗ ಬ್ರಿಟನ್ನಿನ ರಿಕವರಿ ಪ್ರಯೋಗ ಚೀಟಿ ಎತ್ತುವ ಕೆಲಸವನ್ನು ಮೊದಲೇ ಶುರುಮಾಡಿತು. 2020ರ ಜೂನ್‌ನಲ್ಲೇ ಉತ್ತರ ಸಿಕ್ಕಿತು. ದಿನಕ್ಕೆ ಬರೀ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ, ವೆಂಟಿಲೇಟರ್ ಮೇಲಿದ್ದವರ ಸಾವು ಮೂರನೇ ಒಂದರಷ್ಟು ಇಳಿಯಿತು. ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಏನೂ ಲಾಭವಾಗಲಿಲ್ಲ.